ಬುರಾನಸಾಬನ ಕಳ್ಳಗಾಲು

ಬೈಲಹೊಂಗಲದ ಬಜಾರದಲ್ಲಿ ಕಾರು ಕಲಿಸುವ ಬುರಾನಸಾಬನ ಬಗ್ಗೆ ಯಾರನ್ನೇ ಕೇಳಿ, ಅವನ ಗಾಡಿ ಹತ್ತಿದವರು ಅರ್ಧಕ್ಕೆ ಬಿಟ್ಟು ಹೋದದ್ದಿಲ್ಲ ಎನ್ನುತ್ತಿದ್ದರು. ಈ ಮಾತನ್ನು ಊರಿಗೆಲ್ಲ ಹಬ್ಬಿಸಿದವನೂ ಅವನೇ ಅನ್ನಿ. ಇಪ್ಪತ್ತು ವರ್ಷ ಹತ್ತಿಯ ಲಾರಿ ಓಡಿಸಿ ಸೊಂಟ ಹಿಡಿದುಕೊಂಡ ಮೇಲೆ ಒಂದು ಹಳೆಯ ಮಾರುತಿ ಕಾರು ಕೊಂಡಿದ್ದ. ಕಲಿಯುವವರು ಗಾಬರಿಯಾದರೆ ತಾನು ತುಳಿಯಬೇಕಲ್ಲ, ಅದಕ್ಕೆ ತನ್ನ ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಕೂಡಿಸಿಕೊಂಡಿದ್ದ.

೧೯೯೯ನೆಯ ಇಸವಿ, ಚಳಿ ಆಗಷ್ಟೇ ಬಿದ್ದಿತ್ತು. ಒಂದು ಗುರುವಾರ ಸಂಜೆ ಶಾಂತಾಬಾಯಿ ಪೇಢೆಯ ಪೊಟ್ಟಣ ಹಿಡಿದುಕೊಂಡು ಅವನ ಮನೆಗೆ ಬಂದರು. ಸಂಪಗಾಂವದ ಸಾಲೆಯಲ್ಲಿ ಮುಖ್ಯಬಾಯಿ, ಅಂದರೆ ಹೆಡ್‌ಮಿಸ್ಟ್ರೆಸ್, ವಯಸ್ಸು ಐವತ್ನಾಲ್ಕು. ಗಂಡ ಪಾಂಡುರಂಗರಾವ್ ವಕೀಲರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದು ಎರಡು ವರ್ಷವಾಗಿತ್ತು. ಅಂದಿನಿಂದ ಅವರ ಕಾರೂ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು.

“ಲೈಸೆನ್ಸ ಕೈಗೆ ಬಂತು ಬುರಾನಸಾಬ್ರ! ತಗೋರಿ, ಬಾಯಿ ಸಿಹಿ ಮಾಡ್ಕೋರಿ. ರವಿವಾರ ಇವರನ್ನ ಕೂಡಿಸ್ಕೊಂಡು ನಾನ ರಾಮದುರ್ಗಕ್ಕ ಹೊಂಟೀನಿ.”

“ರಾಮದುರ್ಗಕ್ಕ ಏನ್ರಿ ಬಾಯಾರ? ಒಮ್ಮಿಗೇ ಅಷ್ಟು ದೂರ?”

“ಇವರ ಅಕ್ಕನ ಮನ್ಯಾಗ ಸತ್ಯನಾರಾಯಣ ಪೂಜಿ ಅದ. ಎರಡು ವರ್ಷಾತು, ಇವರು ಆಕೀ ಮನಿಗೆ ಹೋಗಿಲ್ಲ. ಮಂದಿ ಗಾಡ್ಯಾಗ ಕೂಡ್ರೂದಂದ್ರ ಇವರಿಗೆ ಹಿಂಸಾ. ಇನ್ನ ಆ ಚಿಂತಿಲ್ಲ. ಎಲ್ಲಾ ನಿಮ್ಮ ಪುಣ್ಯಾ, ನೀವ ನನ್ನ ಗುರುಗಳು.”

ಬುರಾನಸಾಬ ಕೈಗೆತ್ತಿಕೊಂಡ ಪೇಢೆಯನ್ನು ಮತ್ತೆ ಪೊಟ್ಟಣದಲ್ಲೇ ಇಟ್ಟ. ಯಾಕೆಂದರೆ ಬಾಯಿಯವರಿಗೆ ಕ್ಲಚ್ಚು ಬಿಡಲು ಬರುತ್ತಿರಲಿಲ್ಲ. ಈ ಸಂಗತಿ ಗೊತ್ತಿದ್ದವನು ಬುರಾನಸಾಬ ಒಬ್ಬನೇ. ಸ್ವತಃ ಬಾಯಿಯವರಿಗೂ ಗೊತ್ತಿರಲಿಲ್ಲ.

ಆದದ್ದು ಹೀಗೆ. ಮೊದಲ ದಿನ ಬಾಯಿಯವರು ಕ್ಲಚ್ಚನ್ನು ಧಪ್ಪನೆ ಬಿಟ್ಟರು. ಗಾಡಿ ಕಪ್ಪೆಯಂತೆ ಎರಡು ಸಲ ಕುಪ್ಪಳಿಸಿ ನಿಂತುಬಿಟ್ಟಿತು. ಅದು ಅವರದೇ ಸಾಲೆಯ ಮೈದಾನ; ಅಲ್ಲಿ ಆಡುತ್ತಿದ್ದ ಹುಡುಗರು ಚಪ್ಪಾಳೆ ಹೊಡೆದು ನಕ್ಕರು. ಬಾಯಿಯವರ ಕಣ್ಣಲ್ಲಿ ನೀರಾಡಿದ್ದನ್ನು ಬುರಾನಸಾಬ ಕಂಡ. ಇವರು ನಾಳೆ ಬರುವುದಿಲ್ಲ, ತನ್ನ ಹೆಸರಿಗೂ ಮಸಿ ಹತ್ತುತ್ತದೆ ಅನ್ನಿಸಿತು. ಮುಂದಿನ ಸಲ ಅವರು ಕಾಲು ಎತ್ತುವಾಗ ತನ್ನ ಕಡೆಯ ಪೆಡಲನ್ನು ತಾನು ಒತ್ತಿ ಹಿಡಿದು ಮೆಲ್ಲಗೆ ಬಿಟ್ಟ. ಅವರ ಪಾದದ ಕೆಳಗೆ ಪೆಡಲು ಹದವಾಗಿ ಮೇಲೆದ್ದಿತು, ಗಾಡಿ ಹೂವು ಸರಿದಂತೆ ಸರಿಯಿತು. ಬಾಯಿಯವರು ಅದನ್ನು ತಮ್ಮ ಕಾಲಿನ ಹದ ಎಂದೇ ತಿಳಿದರು.

“ಬಂತಲ್ರಿ!” ಎಂದಿದ್ದರು ಅವರು.

“ಬಂತ್ರಿ ಬಾಯಾರ!” ಎಂದಿದ್ದ ಇವನು.

ಒಂದು ದಿನದ ದಯೆ ಒಂದು ತಿಂಗಳಾಯಿತು. ಲೈಸೆನ್ಸಿನ ಪರೀಕ್ಷೆಯ ದಿನ ಸಪಾಟು ಮೈದಾನದಲ್ಲೂ ಅವನ ಎಡಗಾಲು ಹಿಂದೆ ಕುಳಿತ ಇನ್ಸಪೆಕ್ಟರರ ಕಣ್ಣಿಗೆ ಬೀಳದಂತೆ ತನ್ನ ಕೆಲಸ ಮಾಡಿತ್ತು.

ಶುಕ್ರವಾರ ನಮಾಜಿನಿಂದ ಬಂದವನು ತಾಟಿನ ಮುಂದೆ ರೊಟ್ಟಿ ಮುಟ್ಟದೆ ಕುಳಿತ. ಹೆಂಡತಿ ರಹೀಮಬಿ ಕೇಳಿದಳು: “ಯಾಕ್ರಿ, ರೊಟ್ಟಿ ಜೋಡಿ ಜಗಳಾ ಮಾಡೀರೇನು?”

ಅವನು ಎಲ್ಲವನ್ನೂ ಹೇಳಿದ. ರಹೀಮಬಿ ರೊಟ್ಟಿಯ ಬುಟ್ಟಿ ಪಕ್ಕಕ್ಕೆ ಸರಿಸಿದಳು.

“ಹೋಗಿ ಹೇಳಿ ಬರ್ರಿ.”

“ಹೆಂಗ ಹೇಳ್ಲಿ ಅದನ್ನ? ಗುರುಗಳು ಅಂದಾರ ಅವರು.”

“ನಾಡಿದ್ದ ಹುಣ್ಣಿವಿ. ರಾಮದುರ್ಗದ ದಾರಿ ತುಂಬಾ ಸವದತ್ತಿ ಗುಡ್ಡದ ದೇವಿಗೆ ಹೋಗೂ ಬಂಡಿ ಇರ್ತಾವ. ಏರಿನ್ಯಾಗ ಗಾಡಿ ಹಿಂದಕ್ಕ ಉರುಳಿ ಯಾರರ ಮಕ್ಕಳ ಮ್ಯಾಲ ಹೋದ್ರ, ಆಮ್ಯಾಲ ಯಾರಿಗೆ ಹೇಳಾವ್ರು ನೀವು?”

ಸಂಜೆ ಅವನು ವಕೀಲರ ಮನೆಗೆ ಹೋದ. ಹೋದವನು ನಿಜ ಹೇಳಲಿಲ್ಲ. “ರವಿವಾರ ನಾನೂ ಜೋಡಿ ಬರತೇನ್ರಿ, ದೂರದ ದಾರಿ ಐತಿ” ಎಂದು ಸುತ್ತು ಹಾಕಿದ. ಪಾಂಡುರಂಗರಾಯರು ಅವನ ದನಿ ಬಂದ ಕಡೆ ಮುಖ ತಿರುಗಿಸಿ ನಕ್ಕರು.

“ಬ್ಯಾಡ್ರಿ ಸಾಬ್ರ. ಎರಡು ವರ್ಷ ಕಂಡಕಂಡವರ ಗಾಡ್ಯಾಗ ಸಾಮಾನಿನಂಗ ಕೂತು ಅಡ್ಡಾಡೀನಿ. ಈ ರವಿವಾರ ನನ್ನ ಹೆಂಡತಿ ಗಾಡ್ಯಾಗ ಹೋಗಾಂವ. ನಡುವ ನೀವು ಬರಬ್ಯಾಡ್ರಿ.”

ಅವನು ನಮಸ್ಕಾರ ಮಾಡಿ ಎದ್ದು ಬಂದ.

ಶನಿವಾರ ಬೆಳಿಗ್ಗೆ ಮಿಸ್ತ್ರಿ ವಕೀಲರ ಕಾರು ದುರಸ್ತಿ ಮಾಡಿ ತಂದು ನಿಲ್ಲಿಸಿ ಹೋಗಿದ್ದ. ಒಮ್ಮೆ ನೋಡಿ ಹೇಳ್ರಿ ಎಂದು ಬಾಯಿಯವರು ಬುರಾನಸಾಬನನ್ನು ಕರೆಸಿದರು. ಅವನು ಎಡಗಡೆ ಕುಳಿತ. ಕಾಲ ಮುಂದೆ ಏನೂ ಇರಲಿಲ್ಲ, ಬರಿಯ ತಗಡು. ರಾಯರು ಹಿಂದೆ ಕುಳಿತಿದ್ದರು. ಬಾಯಿಯವರು ಗೇರು ಹಾಕಿ ಕಾಲು ಎತ್ತಿದರು. ಗಾಡಿ ಜಿಗಿದು ಸತ್ತಿತು. ಮತ್ತೆ ಎತ್ತಿದರು, ಮತ್ತೆ ಸತ್ತಿತು. ಮೂರನೆಯ ಸಲ ರಾಯರ ತಲೆ ಮುಂದಿನ ಸೀಟಿಗೆ ಬಡಿಯಿತು.

“ಏನ್ ರಿಪೇರಿ ಮಾಡ್ಯಾನೋ ಆ ಮಿಸ್ತ್ರಿ! ಇವತ್ತ ಬರ್ಲಿ, ಕಿವಿ ಹಿಂಡ್ತೀನಿ.” ಬಾಯಿಯವರು ಬುರಾನಸಾಬನ ಕಡೆ ತಿರುಗಿದರು. “ಕ್ಲಚ್ಚು ಕೆಡಿಸ್ಯಾನ, ಹೌದಲ್ರಿ?”

ಹೌದ್ರಿ ಎಂದರೆ ಮುಗಿಯಿತು. ಮಿಸ್ತ್ರಿ ಬೈಸಿಕೊಳ್ಳುತ್ತಾನೆ, ಗಾಡಿ ಗ್ಯಾರೇಜಿಗೆ ಹೋಗುತ್ತದೆ, ಭಾನುವಾರದ ಗಂಡಾಂತರ ತಪ್ಪುತ್ತದೆ, ತಾನು ಗುರುವಾಗಿಯೇ ಉಳಿಯಬಹುದು. ಆ ‘ಹೌದು’ ಅವನ ತುಟಿಯ ತನಕ ಬಂದಿತ್ತು. ಹಿಂದೆ ರಾಯರು ಹಣೆ ಉಜ್ಜಿಕೊಳ್ಳುತ್ತಿದ್ದ ಸಪ್ಪಳ ಕೇಳಿತು.

“ಗಾಡ್ಯಾಗ ಏನೂ ಇಲ್ರಿ ಬಾಯಾರ. ಐಬು ನಂದೈತ್ರಿ. ಇಷ್ಟು ದಿನಾ ಕ್ಲಚ್ಚು ನಾನ ಬಿಡಾಕ ಹತ್ತಿದ್ದೆ.”

ಬಾಯಿಯವರು ಬಗ್ಗಿ ತಮ್ಮ ಎಡಗಾಲನ್ನು ನೋಡಿದರು, ಆಮೇಲೆ ಅವನ ಕಾಲನ್ನು.

“ಪರೀಕ್ಷಾದಾಗೂ?”

“ಅವತ್ತೂ ರಿ.”

“ಮೂವತ್ತು ವರ್ಷಾತು ನಾ ಸಾಲ್ಯಾಗ. ಅಳೂ ಕೂಸುಗಳ ಕೈ ಹಿಡಿದು ತಿದ್ದಿಸೀನಿ. ಖರೇ, ಪಾಟಿ ಮ್ಯಾಲ ನಾನ ಬರದು ‘ನೀನ ಬರದಿ’ ಅಂತ ಒಂದು ಕೂಸಿಗೂ ಸುಳ್ಳು ಹೇಳಿಲ್ಲ.”

“ನೀವು ಬಿಟ್ಟು ಹೋಗ್ತೀರೇನೋ ಅಂತ ಅಂಜಿದ್ನಿರಿ.”

“ನಾ ಬಿಟ್ಟು ಹೋಗಾಕಿ ಅಂತ ನಿಮಗ ಹೇಳಿದವರ್ಯಾರು?”

ಬೈದಿದ್ದರೂ ಬುರಾನಸಾಬ ತಡೆದುಕೊಳ್ಳುತ್ತಿದ್ದ. ಈ ಪ್ರಶ್ನೆ ಮಾತ್ರ ಎದೆಗೆ ನಾಟಿತು.

ಹಿಂದಿನ ಸೀಟಿನಿಂದ ರಾಯರು ಮೆತ್ತಗೆ ಅಂದರು: “ಶಾಂತಾ, ಅಕ್ಕಗ ಫೋನ್ ಹಚ್ಚು. ನಾಳೆ ಬರೂದು ಆಗೂದಿಲ್ಲ ಅಂತ ಹೇಳು.” ಅವರ ಕೈ ಬಾಗಿಲಿನ ಹಿಡಿಕೆ ಹುಡುಕುತ್ತಿತ್ತು. ಬುರಾನಸಾಬ ಇಳಿದು ಬಾಗಿಲು ತೆಗೆಯಹೋದ. “ಬ್ಯಾಡ, ನಾ ಇಳೀತೀನಿ” ಎಂದರು.

ರಾಯರು ಗೋಡೆ ಹಿಡಿದು ಒಳಗೆ ಹೋದ ಮೇಲೆ ಬಾಯಿಯವರು ಕೇಳಿದರು: “ನನಗೊಬ್ಬಾಕಿಗೆ ಹಿಂಗ ಮಾಡೀರೋ, ಮತ್ತ ಯಾರಿಗರ?”

ಬುರಾನಸಾಬ ಬೆರಳು ಮಡಿಚಿದ. “ಇನ್ನ ಮೂರು ಮಂದಿ ಅದಾರ್ರಿ. ಇಬ್ಬರು ಲೈಸೆನ್ಸ ಬಂದ ಮ್ಯಾಲ ಗಾಡಿ ಮುಟ್ಟೇ ಇಲ್ಲ. ಒಬ್ಬಾಕಿ ಕಿತ್ತೂರಿನ ನರ್ಸಬಾಯಿ, ತಂಗೆವ್ವ ಅಂತ. ಸೋಮವಾರ ಹೊಸಾ ಗಾಡಿ ತರಾಕಿ.”

“ಮತ್ತ ಇನ್ನೂ ನನ್ನ ಬಾಗಲದಾಗ ಯಾಕ ನಿಂತೀರಿ?” ಬಾಯಿಯವರು ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿದರು. “ಮಂಗಳವಾರದಿಂದ ಮುಂಜಾನೆ ಆರಕ್ಕ ಬರ್ರಿ. ಇದ ಗಾಡ್ಯಾಗ ಕಲಿಸಬೇಕು. ಎಷ್ಟು ಸಲ ಸಾಯ್ತದ ಸಾಯ್ಲಿ. ನೀವು ಹಿಂದ ಕೂಡ್ರಬೇಕು.”

ಹನ್ನೊಂದರ ಬಸ್ಸಿಗೆ ಬುರಾನಸಾಬ ಕಿತ್ತೂರಿಗೆ ಹೋದ. ದಾರಿಯುದ್ದಕ್ಕೂ ಮೊದಲ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿ ನೋಡಿದ, ಯಾವುದೂ ಕೂಡಲಿಲ್ಲ. ತಂಗೆವ್ವ ಬಾಗಿಲು ತೆರೆದವಳೇ ಮುಖವರಳಿಸಿ, “ಅಯ್ಯ, ಸರ್! ಒಳಗ ಬರ್ರಿ, ಚಾಕ್ಕ ಇಡ್ತೀನಿ” ಎಂದಳು.

“ಚಾ ಬ್ಯಾಡವಾ,” ಎಂದ ಬುರಾನಸಾಬ ಹೊಸ್ತಿಲ ಆಚೆಯೇ ನಿಂತು. “ನಿನಗ ಗಾಡಿ ಬರೂದಿಲ್ಲ. ತಪ್ಪು ನಿಂದಲ್ಲ. ಹೇಳತೇನಿ ಕೇಳು.”