ಗಿಳಿಮೀನಿನ ಕೊಕ್ಕು

ಮಗಳು ಓದಲು ಆಸ್ಟಿನ್‌ಗೆ ಹೋದ ಮೇಲೆ ನನ್ನ ಕೈಗಳಿಗೆ ಹುಚ್ಚು ಹಿಡಿದಂತಾಯಿತು. ಒರೆಸಿದ ಅಡುಗೆ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ಎರಡು ವಾರಕ್ಕೊಮ್ಮೆ ಮೂರು ತಾಸು ಡ್ರೈವ್ ಮಾಡಿ, ಅವಳಿಗೆ ಪಲ್ಯ ಸುತ್ತಿದ ಚಪಾತಿ, ಡಬ್ಬಿ ತುಂಬ ಬಿಡಿಸಿದ ದಾಳಿಂಬೆ ಕಾಳು ಕೊಟ್ಟು ಬರುತ್ತಿದ್ದೆ. ಅದೂ ಸಾಲದೆ ಕ್ಲಿಯರ್ ಲೇಕ್‌ನ ನಮ್ಮ ಮನೆಗೆ ಹತ್ತಿರದ ಒಂದು ಅಕ್ವೇರಿಯಂನಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿದೆ. ಮೀನು ಮುಟ್ಟದ ಮನೆಯವಳು ಮೀನಿಗೇ ಬಡಿಸಲು ನಿಂತೆ.

ಅಲ್ಲಿ ನನ್ನ ಮನಸ್ಸಿಗೆ ಅಂಟಿಕೊಂಡದ್ದು ಒಂದು ಗಿಳಿಮೀನು. ಕೆಂಪು ಹೊಟ್ಟೆ, ಹಲ್ಲೆಲ್ಲ ಕೂಡಿಕೊಂಡು ಗಿಣಿಯ ಕೊಕ್ಕೇ ಆಗಿದ್ದ ಬಾಯಿ. ಆಗ ಹೆಣ್ಣು, ಮುಂದೊಂದು ದಿನ ಹಸಿರಿಗೆ ತಿರುಗಿ ಗಂಡಾದರೂ ಆದೀತು. ಕೆರಿಬಿಯನ್ ಸಮುದ್ರದ ಹವಳದ ದಿಬ್ಬಗಳಲ್ಲಿ ಈ ಜಾತಿ ಹಗಲಿಡೀ ಕಲ್ಲು ಕೆರೆದು ಪಾಚಿ ತಿನ್ನುತ್ತದೆ, ನುಂಗಿದ ಕಲ್ಲನ್ನು ಅರೆದು ಮರಳಾಗಿ ಹೊರಹಾಕುತ್ತದೆ. ತೊಟ್ಟಿಯಲ್ಲಿ ಅಂಥ ಕಲ್ಲೆಲ್ಲಿ ಬರಬೇಕು? ಮೀನುಗಳನ್ನು ನೋಡಿಕೊಳ್ಳುವ ಹಿರಿಯ ಹೆಂಗಸು ಪಾಚಿ ಕಲೆಸಿದ ಪ್ಲಾಸ್ಟರ್ ಬಿಲ್ಲೆಯನ್ನು ದಿನಾ ನೀರಿಗೆ ಇಳಿಸಲು ನನಗೆ ಹೇಳಿದ್ದಳು.

ಆ ಬಿಲ್ಲೆಯನ್ನು ಅದು ಕಟಕಟ ಕೆರೆಯುವ ಸದ್ದಿಗೆ ನನ್ನ ಕರುಳು ಚುರುಕ್ಕೆನ್ನುತ್ತಿತ್ತು. ಒಂದು ತುತ್ತಿಗೆ ಇಷ್ಟು ಪಾಡೇ? ಯಾರಿಗೂ ಹೇಳದೆ ಬಿಲ್ಲೆಯನ್ನು ಬದಿಗಿಟ್ಟು, ಮನೆಯಿಂದ ತಂದ ಬೆಂದ ಸೊಪ್ಪನ್ನು ಕಿವುಚಿ ಕೊಡತೊಡಗಿದೆ. ಹೀಗೇ ಎರಡು ತಿಂಗಳು.

ಒಂದು ಬೆಳಿಗ್ಗೆ ಮೀನು ಸೊಪ್ಪಿನ ಹತ್ತಿರ ಬಂದು ಹಾಗೇ ತಿರುಗಿ ಹೋಯಿತು. ಕೊಕ್ಕು ಬೆಳೆದು ಬಾಯಿ ಮುಚ್ಚಲಾಗುತ್ತಿರಲಿಲ್ಲ. ಇದರ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಗಟ್ಟಿಯಾದದ್ದನ್ನು ಕೆರೆದೇ ಸವೆಯಬೇಕು ಎಂದು ಆ ಹಿರಿಯಳು ಹೇಳಿದಾಗ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಬೈಯಲಿಲ್ಲ. ಮದ್ದು ಕೊಟ್ಟು ಮಲಗಿಸಿ ಕೊಕ್ಕು ಕತ್ತರಿಸಬೇಕು, ಮಲಗಿದ್ದು ಏಳದೆಯೂ ಹೋಗಬಹುದು ಎಂದಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಹೊರಗಿನ ಪಾರ್ಕಿಂಗ್‌ನಲ್ಲಿ ಅತ್ತಿಂದಿತ್ತ ಶತಪಥ ಹಾಕುತ್ತ ಗಂಡನಿಗೆ ಫೋನ್ ಮಾಡಿದೆ.

"ಕೆಲ್ಸ ಇಲ್ದಿರೋ ಬಡಗಿ ಮಗೂ ಕುಂಡೆ ಕೆತ್ತಿದ್ನಂತೆ," ಎಂದರು. ಸಿಟ್ಟು ಬಂದು ಫೋನ್ ಇಟ್ಟುಬಿಟ್ಟೆ.

ಕೊಕ್ಕು ಕತ್ತರಿಸಿದ ಮೇಲೆ ಮೀನು ಎದ್ದಿತು. ಮೂರನೆಯ ದಿನ ಬಿಲ್ಲೆಯನ್ನು ನಾನೇ ಇಳಿಸಿದೆ. ಕಟಕಟ ಸದ್ದು ಕೇಳುತ್ತ ಗಾಜಿನ ಮುಂದೆ ಅತ್ತುಬಿಟ್ಟೆ.

ಆ ಶನಿವಾರ ಆಸ್ಟಿನ್‌ಗೆ ಹೊತ್ತು ಹೋದದ್ದು ಇಡೀ ದಾಳಿಂಬೆ. ಮಗಳು ಹಣ್ಣನ್ನು ಕೈಯಲ್ಲಿ ಆಡಿಸಿ ನನ್ನ ಮುಖ ನೋಡಿದಳು.

"ಅಮ್ಮಾ, ಹೌ ಡು ಯು ಓಪನ್ ದಿಸ್?"

ಹತ್ತೊಂಬತ್ತು ವರ್ಷದ ಹುಡುಗಿ! ಮದ್ದು ಕೊಟ್ಟು ಮಲಗಿಸಿದ್ದ ಮೀನು ನೆನಪಾಯಿತು. ಚಾಚಿಕೊಂಡ ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಅದುಮಿ ಕೂತೆ.

"ಚಾಕು ಅಲ್ಲಿದೆ, ನೀನೇ ಬಿಡಿಸ್ಕೋ," ಎಂದೆ.

ರಸ ಅವಳ ಬಿಳಿ ಅಂಗಿಯ ಮೇಲೆಲ್ಲ ಹಾರಿತು. ನಾನು ಏಳಲಿಲ್ಲ.