ಓದಲು ಬಾರದವಳ ಬೋರಿಂಗು

ಆರನೇ ತರಗತಿಗೆ ಬರುವವರೆಗೂ ನನಗೆ ಓದಲು ಬರುವುದಿಲ್ಲ ಎಂಬುದು ಕಮಲಾಪುರದ ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕ ತೆರೆದರೆ ಪ ಯಾವುದು, ವ ಯಾವುದು ತಿಳಿಯುತ್ತಿರಲಿಲ್ಲ. ಒತ್ತಕ್ಷರ ಬಂತೆಂದರೆ ಸಾಲೇ ತಪ್ಪಿಹೋಗುತ್ತಿತ್ತು. ಆದರೆ ಸಂಜೆ ಅವ್ವ ಒಂದು ಸಲ ಪಾಠ ಓದಿ ಹೇಳಿದರೆ ಸಾಕು, ಅದು ಪೂರ್ತಿ ಬಾಯಿಪಾಠ. ಮರುದಿನ ಪುಸ್ತಕ ಹಿಡಿದು ನಿಂತು, ಓದುವವಳ ಹಾಗೆ ಒಪ್ಪಿಸಿಬಿಡುತ್ತಿದ್ದೆ. ಬರೆದದ್ದು ತಪ್ಪಾದಾಗ ಮಾಸ್ತರರು ‘ಸೋಮಾರಿ’ ಎಂದು ಬೈಯುತ್ತಿದ್ದರು, ಅಷ್ಟೇ.

ಆ ವರ್ಷ ವಿಜ್ಞಾನ ಕಲಿಸಲು ಹೊಸ ಅಕ್ಕೋರು ಬಂದರು. ಕಲಬುರಗಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಒಂದು ದಿನ ನಾನು ಗಾಳಿಯ ಒತ್ತಡದ ಪಾಠವನ್ನು ಗಟ್ಟಿಯಾಗಿ ‘ಓದುತ್ತಿರುವಾಗ’ ಪಕ್ಕಕ್ಕೆ ಬಂದು ಇಣುಕಿದರು. ನನ್ನ ಕೈಯಲ್ಲಿ ತೆರೆದಿದ್ದದ್ದು ಕಪ್ಪೆಯ ಚಿತ್ರವಿದ್ದ ಪುಟ!

“ಕಪ್ಪಿ ನೋಡಿ ಗಾಳಿ ಪಾಠ ಓದ್ತಿಯಲ್ಲ, ಭಾಳ ಶಾಣ್ಯಾಕಿ ಇದ್ದಿ!” ಎಂದು ಅವರು ನಕ್ಕುಬಿಟ್ಟರು. ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡಿದ್ದ ನನಗೂ ನಗು ಬಂತು.

ಶಾಲೆ ಬಿಟ್ಟ ಮೇಲೆ ಅವರು ಹೊಸ ಪಾಠವೊಂದನ್ನು ಕೊಟ್ಟರು. ಒಂದು ಸಾಲೂ ಓದಲಾಗಲಿಲ್ಲ. ಆಗ ಅಂಗಳದ ಬೋರಿಂಗು, ಅಂದರೆ ಕೈಪಂಪು, ತೋರಿಸಿ, “ನೀರು ಹ್ಯಾಂಗ ಮ್ಯಾಲ ಬರ್ತದ?” ಎಂದರು. ಬೋರಿಂಗು ರಿಪೇರಿ ಮಾಡುವುದನ್ನು ನಾನು ಬೀದಿಯಲ್ಲಿ ನಿಂತು ನೋಡಿದ್ದೆ. ನೆಲದ ಮೇಲೆ ಕಡ್ಡಿಯಿಂದ ಒಳಗಿನ ಕವಾಟಗಳನ್ನು ಬರೆದು, ಯಾವುದು ಯಾವಾಗ ತೆರೆಯುತ್ತದೆಂದು ಹೇಳಿದೆ. ಅಕ್ಕೋರು ನೆಟ್ಟಗೆ ಅಪ್ಪನ ಸೈಕಲ್ ಅಂಗಡಿಗೆ ನಡೆದರು.

“ನಿಮ್ಮ ಮಗಳು ದಡ್ಡಿ ಅಲ್ರೀ, ಸೋಮಾರಿನೂ ಅಲ್ಲ. ತಲಿ ಭಾಳ ಚುರುಕದ. ಅಕ್ಷರದಾಗ ಅಷ್ಟೇ ತೊಡಕದ.”

ಪಂಕ್ಚರ್ ಹಾಕುತ್ತಿದ್ದ ಅಪ್ಪ ಎದ್ದು ನಿಂತ. “ಕಣ್ಣಿಂದೇ ತೊಂದ್ರಿ ಅಂತ ತಿಳಿದು ಡಾಕ್ಟರಿಗೂ ತೋರಿಸೀವ್ರೀ. ಕಣ್ಣ ಚಲೋ ಅದಾವ ಅಂದ್ರು,” ಎಂದ.

ಅಂದಿನಿಂದ ದಿನವೂ ಬಸ್ಸು ಬರುವವರೆಗೆ ನನಗೆ ಬೇರೆ ಪಾಠ. ರಟ್ಟಿನಲ್ಲಿ ಕಿಂಡಿ ಕತ್ತರಿಸಿ, ಒಂದೇ ಸಾಲು ಕಾಣುವಂತೆ ಪುಟದ ಮೇಲಿಡುತ್ತಿದ್ದರು. ಅಕ್ಷರಗಳನ್ನು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರು. ಹೆಡ್‌ಮಾಸ್ತರರನ್ನು ಒಪ್ಪಿಸಿ ವಿಜ್ಞಾನದ ಕಿರುಪರೀಕ್ಷೆಗಳನ್ನು ಬಾಯಲ್ಲೇ ಕೇಳಿದರು. ನಾನು ನಿಧಾನವಾಗಿ, ತಡವರಿಸುತ್ತ, ನಿಜವಾಗಿಯೂ ಓದತೊಡಗಿದೆ.

ಚಳಿಗಾಲದಲ್ಲಿ ಕಲಬುರಗಿಯಲ್ಲಿ ಶಾಲಾಮಕ್ಕಳ ವಿಜ್ಞಾನ ಪ್ರದರ್ಶನ. ಹಳೆಯ ಟ್ಯೂಬು, ಪೈಪಿನ ತುಂಡು ಸೇರಿಸಿ ಪುಟ್ಟ ಬೋರಿಂಗು ಮಾಡಿ ಅಪ್ಪನ ಜೊತೆ ಒಯ್ದೆ. ತೀರ್ಪುಗಾರರು ಗೋಡೆಗೆ ಅಂಟಿಸಿದ್ದ ಅದರ ವಿವರದ ಚಾರ್ಟು ತೋರಿಸಿ, “ಓದವ್ವಾ” ಎಂದರು. ನಾನು ಬೋರಿಂಗಿನ ಹಿಡಿಕೆ ಹಿಡಿದೆ.

“ಓದಾಕ ಭಾಳ ಹೊತ್ತು ಹಿಡಿತದ್ರೀ. ಹೇಳ್ಲೇನ್ರೀ?”

“ಹೇಳು, ಹೇಳು.”

ಹೇಳುವ ಹುರುಪಿನಲ್ಲಿ ಹಿಡಿಕೆಯನ್ನು ಜೋರಾಗಿ ಒತ್ತಿದೆ. ನೀರು ಅವರ ಅಂಗಿಗೆ ಚಿಮ್ಮಿತು. “ನಡೀತದ, ನಡೀತದ!” ಎಂದು ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಎರಡನೇ ಬಹುಮಾನ ಬಂತು. ಮರಳುವ ಬಸ್ಸಿನಲ್ಲಿ ಅಪ್ಪ ಗುರುತಿಲ್ಲದವರಿಗೂ ಬೋರಿಂಗು ತೋರಿಸಿದ.

ಮೆಟ್ರಿಕ್‌ನಲ್ಲಿ ಕನ್ನಡ ಒಮ್ಮೆ ಕೈಕೊಟ್ಟಿತು; ಮರುವರ್ಷ ದಾಟಿದೆ. ಮುಂದೆ ಡಿಗ್ರಿ, ಬಿ.ಎಡ್. ಮುಗಿಸಿ, ತೊಂಬತ್ತರ ದಶಕದ ಕೊನೆಗೆ ಕಲಬುರಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದೆ. ನನ್ನ ತೊಡಕಿಗೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ ಎಂದು ತಿಳಿದದ್ದು ಅಲ್ಲಿದ್ದಾಗ, ಒಂದು ತರಬೇತಿಯಲ್ಲಿ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ಯಾರಾದರೊಬ್ಬ ಹುಡುಗಿಗೆ ವಹಿಸಿ, ನಾನು ಹೇಳುತ್ತ ಹೋಗುತ್ತಿದ್ದೆ. ಸೀಮೆಸುಣ್ಣ ಯಾರು ಹಿಡಿಯಬೇಕೆಂದು ದಿನಾ ಹುಡುಗಿಯರಲ್ಲಿ ಜಗಳ.