ಭಾವುಬೀಜಕ್ಕೆ ಬಂದ ಸಲಹೆಗಾರರು

ಕೇಳುವಾಗ ಅವರು ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ಸಂಜೆಯ ಹೊತ್ತಿಗೆ ಆ ಒಂದು ಕಿವಿ ಮಾತ್ರ ಕೆಂಪಗಾಗಿರುತ್ತಿತ್ತು. ಅಷ್ಟು ಮನಸ್ಸಿಟ್ಟು ನನ್ನ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ನನ್ನ ಗಂಡನೂ. ನಾನು ಮೋಸಹೋದದ್ದು ಆ ಕಿವಿಗೇ.

ತೊಂಬತ್ತರ ದಶಕದ ಕೊನೆಗೆ ನಾನು ಪುಣೆಯಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಂಪನಿಯ ದೂರು ವಿಭಾಗದಲ್ಲಿದ್ದೆ. ಬಾರಾಮತಿ ಕಡೆಯ ಕಬ್ಬಿನ ರೈತರು ಫೋನ್ ಮಾಡಿ, ಪಂಪು ಗೊರಗೊರ ಅನ್ನುತ್ತಿದೆ, ನೀರು ಎಳೆಯುತ್ತಿಲ್ಲ ಎಂದು ಮರಾಠಿಯಲ್ಲಿ ಗೋಳಾಡುತ್ತಿದ್ದರು. ಫೋನಿನಲ್ಲೇ ರೋಗ ಹಿಡಿದು, ಮೆಕ್ಯಾನಿಕ್ ಬರಬೇಕೋ ಬೇಡವೋ ಎಂದು ಹೇಳುವುದು ನನ್ನ ಕೆಲಸ. ಹೇಗೆ ಗೊತ್ತಾಗುತ್ತದೆ ಎಂದು ಯಾರಾದರೂ ಕೇಳಿದರೆ, ಅಂದಾಜು ಎನ್ನುತ್ತಿದ್ದೆ.

ಅದನ್ನು ಅಂದಾಜು ಅನ್ನಬೇಡಿ ಎಂದವರು ಇವರೇ, ಕಂಪನಿ ಕರೆಸಿದ ಸಲಹೆಗಾರರು, ಧಾರವಾಡ ಕಡೆಯವರು. ಅನುಭವಸ್ಥರ ತಲೆಯಲ್ಲಿರುವುದನ್ನು ಹೊರತೆಗೆದು, ಯಾವುದಕ್ಕೆ ಯಾವುದು ಸಂಬಂಧ ಎಂದು ಕಂಪ್ಯೂಟರಿಗೂ ತಿಳಿಯುವ ಹಾಗೆ ಜೋಡಿಸುವುದು ಅವರ ವಿದ್ಯೆ. ಅದಕ್ಕೆ ಆಂಟಾಲಜಿ ಎಂಬ ಹೆಸರಿತ್ತು. ನನ್ನ ನಾಲಿಗೆಗೆ ಅದು ಕಡೆಯವರೆಗೂ ಒಗ್ಗಲಿಲ್ಲ. ನನಗೆ ಒಗ್ಗಿದ್ದು ಅವರ ಮೂರು ಪ್ರಶ್ನೆ. ಇದು ಅದರ ಜಾತಿಯೋ, ಅದರ ಭಾಗವೋ, ಅದಕ್ಕೆ ಕಾರಣವೋ? ಫುಟ್‌ವಾಲ್ವ್ ಪಂಪಿನ ಭಾಗ; ಗಾಳಿ ಸೇರುವುದು ಗೊರಗೊರಕ್ಕೆ ಕಾರಣ. ನಮ್ಮ ಮನೆಗೆ ಊಟಕ್ಕೆ ಬಂದಾಗಲೂ ಬಿಡುತ್ತಿರಲಿಲ್ಲ. ರೊಟ್ಟಿ ಮುರಿಯುತ್ತ, ಗುರೆಳ್ಳು ಪುಡಿ ಎಣ್ಣೆಗಾಯಿಯ ಭಾಗವೋ ರುಚಿಗೆ ಕಾರಣವೋ ಎಂದು ಕೇಳಿ ನನ್ನ ಮಕ್ಕಳನ್ನು ನಗಿಸುತ್ತಿದ್ದರು.

ಒಮ್ಮೆ ಅವರೆದುರೇ ಒಬ್ಬ ರೈತನಿಗೆ, ಪಕ್ಕದವರ ಮೋಟಾರು ನಿಂತಾಗ ನಿಮ್ಮದು ಸರಿಹೋಗುತ್ತದೆಯೇ ಎಂದು ಕೇಳಿದೆ. ಹೌದೆಂದ. ಹಾಗಾದರೆ ಪಂಪಿಗೆ ಏನೂ ಆಗಿಲ್ಲ, ಲೈನಿನಲ್ಲಿ ಓಲ್ಟೇಜ್ ಸಾಲುತ್ತಿಲ್ಲ ಎಂದು ಫೋನಿಟ್ಟೆ. ಈ ಪ್ರಶ್ನೆ ಯಾವ ಪುಸ್ತಕದಲ್ಲಿದೆ ಎಂದರು ಅವರು. ಯಾವುದರಲ್ಲೂ ಇಲ್ಲ, ಒಂದು ಬೇಸಿಗೆ ಅಕ್ಕಪಕ್ಕದ ತೋಟದ ಇಬ್ಬರು ಫೋನಿನಲ್ಲೇ ಜಗಳಾಡಿದ್ದು ಕೇಳಿ ಹೊಳೆದದ್ದು ಎಂದೆ.

"ಅಕ್ಕಾರ, ಇದು ನಿಮ್ಮ ಆಸ್ತಿ ಅದ," ಎಂದರು. "ಯಾರೂ ಕಸಗೊಳ್ಳಾಕ ಆಗೂದಿಲ್ಲ."

ನನಗೆ ಅಣ್ಣತಮ್ಮಂದಿರಿಲ್ಲ. ದೀಪಾವಳಿಯ ಭಾವುಬೀಜದ ದಿನ ಇಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ; ಅವರಿಲ್ಲದ ಹೆಂಗಸರು ಚಂದ್ರನನ್ನೇ ಅಣ್ಣನೆಂದುಕೊಂಡು ಆರತಿ ಮಾಡುವುದು ಪದ್ಧತಿ. ಮದುವೆಯಾಗಿ ಬಂದಾಗಿನಿಂದ ನಾನೂ ಹಾಗೇ ಮಾಡುತ್ತಿದ್ದೆ. ಅದು ಗೊತ್ತಾದ ವರ್ಷ ಅವರು ತಾವಾಗಿಯೇ ಬಂದು ಮಣೆಯ ಮೇಲೆ ಕೂತರು. ಆಮೇಲೆ ಕಚೇರಿಯಲ್ಲಿ ನಾನು ಯಾವುದನ್ನೂ ಮುಚ್ಚಿಡಲಿಲ್ಲ. ತಮ್ಮನಿಗೆ ಹೇಳಲು ಏನಡ್ಡಿ?

ಅವರ ಕೆಲಸ ಮುಗಿದ ಕೆಲವೇ ತಿಂಗಳಿಗೆ ನಮ್ಮ ವಿಭಾಗ ಮುಚ್ಚಿತು. ದೂರು ಕೇಳುವ ಕೆಲಸ ಊರಾಚೆಯ ಬೇರೊಂದು ಆಫೀಸಿಗೆ ಹೋಯಿತು. ನಮಗೆಲ್ಲ ಒಂದೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಂಪು ಕೆಟ್ಟಿತು. ಅದೇ ಕಂಪನಿಯದು, ಫೋನ್ ಮಾಡಿದೆ. ಎಳೆ ದನಿಯ ಹುಡುಗಿ ವಿನಯದಿಂದ ಒಂದೊಂದೇ ಕೇಳುತ್ತ ಹೋದಳು, ನಾನು ಕೇಳುತ್ತಿದ್ದ ಕ್ರಮದಲ್ಲೇ. ಕೊನೆಗೆ, ಪಕ್ಕದ ಬಿಲ್ಡಿಂಗಿನ ಪಂಪು ನಿಂತಾಗ ನಿಮ್ಮದು ಸರಿಹೋಗುತ್ತದೆಯೇ ಎಂದಳು. ನನ್ನ ಮೈ ಉರಿಯಿತು. ಅವಳದೇನು ತಪ್ಪು? ಹೌದಮ್ಮ ಎಂದೆ. ಹಾಗಾದರೆ ಪಂಪಿಗೆ ಏನೂ ಆಗಿಲ್ಲ ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಆ ವರ್ಷವೂ ಭಾವುಬೀಜಕ್ಕೆ ಅವರು ಬಂದರು. ಮಣೆ ಹಾಕಲಿಲ್ಲ, ಕುರ್ಚಿ ಕೊಟ್ಟೆ. ಚಕ್ಕುಲಿ, ಕರ್ಚಿಕಾಯಿ ಮುಂದಿಟ್ಟು ಕೇಳಿದೆ.

"ವಿಭಾಗ ಮುಚ್ಚೂದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತ್ರಿ, ಅಕ್ಕಾರ. ಹೇಳಿದ್ರ ನೀವು ಬಾಯಿ ಬಿಡ್ತಿರಲಿಲ್ಲ."

"ಮತ್ತ ನಮ್ಮನ್ಯಾಗ ಮಣಿ ಮ್ಯಾಲೆ ಕುಂತದ್ದು? ಅದೂ ಆ ಕೆಲಸದ ಭಾಗನ ಏನ್ರಿ?"

ಅವರ ಕೈ ಕಿವಿಗೆ ಹೋಯಿತು. ಚಹಾ ಕುಡಿದು ಎದ್ದು ಹೋದರು. ಆ ಸಂಜೆ ನಾನು ಮತ್ತೆ ಚಂದ್ರನಿಗೇ ಆರತಿ ಎತ್ತಿದೆ.

ಮುಂದೆ ಪಂಪು ರಿಪೇರಿ ಕಲಿಯುವವರಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಇಂದಿಗೂ ನನ್ನ ಸಂಸಾರ ನಡೆಯುವುದು ಅದರಿಂದಲೇ. ಮೊದಲ ದಿನ ಬೋರ್ಡಿನ ಮೇಲೆ ಏನು ಬರೆಯಲಿ ಎಂದು ನಿಂತವಳು ಜಾತಿ, ಭಾಗ, ಕಾರಣ ಎಂದು ಬರೆದೆ. ನನಗೆ ಗೊತ್ತಿರುವುದು ಅಂದಾಜಲ್ಲ, ಅದನ್ನು ಇನ್ನೊಬ್ಬರಿಗೆ ಕಲಿಸಬಹುದು ಎಂದು ತೋರಿಸಿದವರು ಅವರು. ನನ್ನನ್ನು ಮನೆಗೆ ಕಳಿಸಿದವರೂ ಅವರೇ.

ಅವರು ತೀರಿಕೊಂಡ ಸುದ್ದಿ ದೀಪಾವಳಿಯ ಮುಂಚಿನ ವಾರ ಬಂತು. ಅವರನ್ನು ಆರತಿ ಮಾಡದೆ ಕಳಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಸಿಟ್ಟೂ ಇಳಿದಿಲ್ಲ. ಆದರೆ ಮರುವಾರ ಭಾವುಬೀಜದ ಸಂಜೆ ಆರತಿ ತಟ್ಟೆ ಹಿಡಿದು ಬಾಲ್ಕನಿಗೆ ಬಂದವಳಿಗೆ, ಚಂದ್ರ ಎದುರಿಗಿದ್ದರೂ ಕೈ ಮೇಲೇಳಲಿಲ್ಲ.